ನೆರೆಯೂ ಸಿಆರ್‌ಪಿಯೂ

ನದಿ ತುಂಬಿ ಹರಿಯುತ್ತಿದ್ದರೆ ಮೇಲೆಲ್ಲೋ ಮಳೆಯಾಗಿದೆ ಎನ್ನಬಹುದೆ? ಗೌತಮನ ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ ಬರುವ ಪೂರ್ವಪಕ್ಷಿ, ಅಂದರೆ ಎದುರುವಾದಿ, ಇದನ್ನು ಒಪ್ಪುವುದಿಲ್ಲ. ಕೆಳಗೆ ಒಡ್ಡು ಅಡ್ಡ ಬಂದರೂ ನೀರು ಏರುತ್ತದೆ. ಇರುವೆ ಮೊಟ್ಟೆ ಹೊತ್ತು ಹೊರಟರೆ ಮಳೆ ಖಂಡಿತ ಎನ್ನುತ್ತಾರೆ. ಗೂಡು ಕೆಡಿಸಿದರೂ ಅದು ಹೊರಡುತ್ತದೆ. ಹಾಗಾದರೆ ಅನುಮಾನ, ಅಂದರೆ ಕುರುಹಿನಿಂದ ಊಹಿಸುವುದು, ನಂಬಬಹುದಾದ ಪ್ರಮಾಣವೇ ಅಲ್ಲ ಎಂಬುದು ಅವನ ವಾದ.

ಲ್ಯಾಬ್ ರಿಪೋರ್ಟಿನಲ್ಲಿ ಉರಿಯೂತದ ಸೂಚಕಗಳಾದ ಇಎಸ್‌ಆರ್, ಸಿಆರ್‌ಪಿ ಮಿತಿ ದಾಟಿದ್ದು ಕಂಡು ಗಾಬರಿಯಾದವರ ಮುಂದಿರುವುದೂ ಇದೇ ಪ್ರಶ್ನೆ.

ಇಎಸ್‌ಆರ್ ಅಳೆಯುವ ರೀತಿ ಬಹಳ ಸರಳ. ನೆಟ್ಟಗೆ ನಿಲ್ಲಿಸಿದ ಗಾಜಿನ ಕೊಳವೆಯಲ್ಲಿ ಕೆಂಪು ಕಣಗಳು ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಕೆಳಗಿಳಿದವು ಎಂದು ನೋಡುತ್ತಾರೆ. ಉರಿಯೂತವಿದ್ದಾಗ ರಕ್ತದಲ್ಲಿ ಫೈಬ್ರಿನೋಜನ್ ಹೆಚ್ಚಿ, ಕಣಗಳು ಒಂದಕ್ಕೊಂದು ಅಂಟಿಕೊಂಡು ಬೇಗ ಇಳಿಯುತ್ತವೆ. ಆದರೆ ಗರ್ಭಿಣಿಯರಲ್ಲೂ, ರಕ್ತಹೀನತೆ ಇದ್ದವರಲ್ಲೂ, ವಯಸ್ಸಾದವರಲ್ಲೂ ಇಎಸ್‌ಆರ್ ಏರುತ್ತದೆ. ಸಿಆರ್‌ಪಿಯನ್ನು 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಗುರುತಿಸಿದರು. ಯಕೃತ್ತು ತಯಾರಿಸುವ ಈ ಪ್ರೋಟೀನು ಸೋಂಕಿನಲ್ಲಿ ಗಂಟೆಗಳೊಳಗೆ ಹೆಚ್ಚುತ್ತದೆ. ಬೊಜ್ಜು, ಧೂಮಪಾನ, ವಸಡಿನ ಕಾಯಿಲೆಯಿಂದಲೂ ತುಸು ಹೆಚ್ಚುತ್ತದೆ. ಪೂರ್ವಪಕ್ಷಿಯ ಒಡ್ಡುಗಳೆಂದರೆ ಇವೇ.

ನ್ಯಾಯದರ್ಶನದ ಪಂಡಿತರಾದ ನೈಯಾಯಿಕರು ಕೊಟ್ಟ ಉತ್ತರ ಇಂದಿಗೂ ಬೆಲೆಯುಳ್ಳದ್ದು. ಒಡ್ಡಿನಿಂದ ಏರಿದ ನೀರು ಬೇರೆ, ಮಳೆಯ ನೆರೆ ಬೇರೆ ಎನ್ನುತ್ತಾನೆ ಭಾಷ್ಯಕಾರ ವಾತ್ಸ್ಯಾಯನ. ಮಳೆಯ ನೆರೆಗೆ ಸೆಳೆತವಿದೆ, ನೊರೆಯಿದೆ; ಅದು ಎಲೆ, ಹಣ್ಣು, ಕಟ್ಟಿಗೆಗಳನ್ನು ಹೊತ್ತು ತರುತ್ತದೆ. ನೀರಿನ ಮಟ್ಟವನ್ನಷ್ಟೇ ನೋಡಿ ತೀರ್ಪು ಕೊಟ್ಟದ್ದು ನೋಡಿದವನ ತಪ್ಪು, ಅನುಮಾನದ ತಪ್ಪಲ್ಲ. ಒಳ್ಳೆಯ ವೈದ್ಯರು ಮಾಡುವುದೂ ಇದನ್ನೇ: ಜ್ವರ ಬರುತ್ತಿತ್ತೆ, ತೂಕ ಇಳಿದಿದೆಯೆ, ಬೆಳಿಗ್ಗೆ ಎದ್ದಾಗ ಕೀಲುಗಳು ಬಿಗಿದಿರುತ್ತವೆಯೆ ಎಂದು ಕೇಳುತ್ತಾರೆ. ಹಿಮೋಗ್ಲೋಬಿನ್, ಬಿಳಿ ರಕ್ತಕಣಗಳ ಎಣಿಕೆಯನ್ನೂ ಜೊತೆಗಿಟ್ಟು ನೋಡುತ್ತಾರೆ.

ಇನ್ನೊಂದು ತೊಡಕು ಹೆಚ್ಚು ಆಳದ್ದು. ಸಿಆರ್‌ಪಿ ಲೀಟರಿಗೆ 3 ಮಿಲಿಗ್ರಾಂ ಮೀರಿಯೇ ಇರುವವರಲ್ಲಿ ಹೃದ್ರೋಗದ ಅಪಾಯ ಹೆಚ್ಚು. ಹಾಗೆಂದು ಸಿಆರ್‌ಪಿಯೇ ಹೃದಯವನ್ನು ಕೆಡಿಸುತ್ತದೆಯೆ? ಹುಟ್ಟಿನಿಂದಲೇ ಸಿಆರ್‌ಪಿಯನ್ನು ಹೆಚ್ಚಿಸುವ ವಂಶವಾಹಿಗಳಿರುವವರಲ್ಲಿ ಹೃದ್ರೋಗ ಅದಕ್ಕೆ ತಕ್ಕಂತೆ ಹೆಚ್ಚಿಲ್ಲ ಎಂದು 2011ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ಊಹಿಸುವ ತಾರ್ಕಿಕ, ಹೊಗೆಯೇ ಬೆಂಕಿ ಹೊತ್ತಿಸಿತು ಎನ್ನುವುದಿಲ್ಲ. ತಿಳಿವಿಗೆ ಕಾರಣವಾದದ್ದು ಕಾಯಿಲೆಗೂ ಕಾರಣವಾಗಬೇಕಿಲ್ಲ. ಸಂಖ್ಯೆಯನ್ನೇ ರೋಗವೆಂದು ತಿಳಿದು ಅದನ್ನು ಇಳಿಸುವ ಕಷಾಯ, ಮಾತ್ರೆ ಹುಡುಕುವವರು ಈ ಭೇದವನ್ನು ಮರೆಯುತ್ತಾರೆ. ಅವರ ಆತಂಕ ಮಾತ್ರ ನಿಜವಾದದ್ದು, ಅದನ್ನು ಯಾರೂ ಹಗುರವಾಗಿ ಕಾಣಬಾರದು.

ಹೊಗೆಯಿಲ್ಲದ ಬೆಂಕಿಯನ್ನೂ ತರ್ಕಶಾಸ್ತ್ರ ಬಲ್ಲದು. ಅದು ಕೊಡುವ ಉದಾಹರಣೆ ಕಾದ ಕಬ್ಬಿಣದ ಗುಂಡು. ಹಾಗೆಯೇ ಉರಿಯೂತದ ಕಾಯಿಲೆಯಾದ ಲೂಪಸ್ ಕೆರಳಿದ್ದಾಗಲೂ ಎಷ್ಟೋ ರೋಗಿಗಳಲ್ಲಿ ಸಿಆರ್‌ಪಿ ಅಷ್ಟಾಗಿ ಏರುವುದಿಲ್ಲ.

ನೆಗಡಿ, ಜ್ವರದ ಬೆನ್ನಿಗೇ ರಕ್ತ ಕೊಟ್ಟಿದ್ದರೆ ಒಂದೆರಡು ವಾರ ಬಿಟ್ಟು ಮತ್ತೆ ಪರೀಕ್ಷಿಸುವುದು ವಾಡಿಕೆ. ಉರಿಯೂತ ಶಮನವಾದ ಮೇಲೆ ಸಿಆರ್‌ಪಿ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಇಎಸ್‌ಆರ್ ಇಳಿಯಲು ವಾರಗಳೇ ಬೇಕು.