ಮಾತು ಮರೆಯಾದರೆ ಮನುಷ್ಯ ಮರೆಯಾಗುವನೇ?

ವ್ಯಾಪಾರವಾಗಲಿ ಸಂಸಾರವಾಗಲಿ, ಮನುಷ್ಯನ ವ್ಯವಹಾರವೆಲ್ಲ ನಡೆಯುವುದು ಮಾತಿನ ಬಲದಿಂದ. ಕೊಟ್ಟ ಮಾತಿನಿಂದ ವಿಶ್ವಾಸ ಬೆಳೆಯುತ್ತದೆ, ಆಡಿದ ಮಾತಿನಿಂದ ನೆಂಟಸ್ತನ ಉಳಿಯುತ್ತದೆ. ಗಡಿಭಾಗದ ಕುಟುಂಬಗಳಲ್ಲಂತೂ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಇಲ್ಲವೆ ತೆಲುಗು, ದೂರದ ಬಂಧುಗಳೊಡನೆ ಹಿಂದಿ, ಹೀಗೆ ಒಬ್ಬರ ನಾಲಿಗೆಯ ಮೇಲೆಯೇ ಮೂರು ಭಾಷೆಗಳು ನೆಲೆಸಿರುತ್ತವೆ. ಇಂತಹ ಸಂಪತ್ತು ಕಣ್ಣೆದುರೇ ಕರಗತೊಡಗಿದರೆ, ಮಾತಿನೊಡನೆ ಮನುಷ್ಯನೂ ಕಡಿಮೆಯಾಗುತ್ತಾನೆಯೇ? ರೋಗ ಗುಣವಾಗದೆಂದು ತಿಳಿದ ಮೇಲೂ ಮಾತಿಗಾಗಿ ಶ್ರಮಿಸುವುದು ಸಾರ್ಥಕವೇ? ಹಿರಿಯರಿರುವ ಪ್ರತಿಯೊಂದು ಮನೆಯೂ ಆಲೋಚಿಸಬೇಕಾದ ಪ್ರಶ್ನೆಗಳಿವು.

ಪಾರ್ಶ್ವವಾಯುವಿನಿಂದ ಮಾತು ನಿಂತವರನ್ನು ಬಹಳ ಜನರು ಕಂಡಿರುತ್ತಾರೆ. ಅಲ್ಲಿ ಆಘಾತ ಒಮ್ಮೆಲೇ ಎರಗುತ್ತದೆ. ಅನಂತರ ಅನೇಕರಲ್ಲಿ ಮಾತು ಅಷ್ಟಿಷ್ಟಾಗಿ ಮರಳುತ್ತದೆ. ಇದಕ್ಕೆ ವಿಪರೀತವಾದ ಇನ್ನೊಂದು ವ್ಯಾಧಿಯಲ್ಲಿ ಮಾತು ವರ್ಷದಿಂದ ವರ್ಷಕ್ಕೆ ಸವೆಯುತ್ತ ಹೋಗುತ್ತದೆ. ಪ್ರಾಗ್ ನಗರದ ವೈದ್ಯ ಆರ್ನಾಲ್ಡ್ ಪಿಕ್ 1892ರಲ್ಲಿಯೇ ಇಂತಹ ರೋಗಿಯೊಬ್ಬರನ್ನು ಕುರಿತು ಬರೆದಿದ್ದರು. 1982ರಲ್ಲಿ ಅಮೆರಿಕದ ನರರೋಗ ತಜ್ಞ ಮಾರ್ಸೆಲ್ ಮೆಸುಲಮ್ ಅವರು ಆರು ಜನ ರೋಗಿಗಳ ವಿವರಗಳನ್ನು ಪ್ರಕಟಿಸಿದ ಮೇಲೆ ಇದನ್ನು ಪ್ರತ್ಯೇಕ ವ್ಯಾಧಿಯೆಂದು ಪರಿಗಣಿಸಲಾಯಿತು. ವೈದ್ಯರು ಇದನ್ನು ‘ಪ್ರೈಮರಿ ಪ್ರೊಗ್ರೆಸಿವ್ ಅಫೇಸಿಯಾ’ ಎಂದು ಕರೆಯುತ್ತಾರೆ. ಹಾಲಿವುಡ್ ನಟ ಬ್ರೂಸ್ ವಿಲ್ಲಿಸ್ ಅವರಿಗೆ ಅಫೇಸಿಯಾ ಇದೆಯೆಂದು 2022ರಲ್ಲಿಯೂ, ಅದು ಮೆದುಳು ಕ್ಷಯಿಸುವ ಕಾಯಿಲೆಯೆಂದು 2023ರಲ್ಲಿಯೂ ಅವರ ಕುಟುಂಬ ಪ್ರಕಟಿಸಿದಾಗ ಜಗತ್ತಿನ ಗಮನ ಇತ್ತ ಹರಿಯಿತು.

ತಜ್ಞರು 2011ರಲ್ಲಿ ಈ ವ್ಯಾಧಿಯನ್ನು ಮೂರು ವಿಧಗಳಾಗಿ ವಿಂಗಡಿಸಿದರು. ಒಂದು ವಿಧದಲ್ಲಿ ನುಡಿ ತಡೆತಡೆದು ಬರುತ್ತದೆ, ವಾಕ್ಯದ ಕಟ್ಟು ಸಡಿಲುತ್ತದೆ. ಎರಡನೆಯದರಲ್ಲಿ ಮಾತು ಸರಾಗವಾಗಿದ್ದರೂ ಪದಗಳ ಅರ್ಥವೇ ಅಳಿಸಿಹೋಗುತ್ತದೆ. ಜೀವನವೆಲ್ಲ ತಕ್ಕಡಿ ಹಿಡಿದವರು ‘ತಕ್ಕಡಿ ಎಂದರೇನು?’ ಎಂದು ಕೇಳುವಂತಾಗುತ್ತದೆ. ಮೂರನೆಯದರಲ್ಲಿ ಬಲ್ಲ ಪದವೇ ಬಾಯಿಗೆ ಬಾರದೆ ಮಾತು ನಡುನಡುವೆ ನಿಲ್ಲುತ್ತದೆ. ಮೂರರಲ್ಲಿಯೂ ಆರಂಭದ ಕಾಲದಲ್ಲಿ ನಡೆದ ಸಂಗತಿಗಳ ನೆನಪು, ವಿವೇಚನೆ, ನಿತ್ಯದ ಕೆಲಸಗಳ ಸಾಮರ್ಥ್ಯ ಬಹುಮಟ್ಟಿಗೆ ಉಳಿದಿರುತ್ತವೆ. ಆದುದರಿಂದ ಮಾತು ತಪ್ಪಿತೆಂದ ಮಾತ್ರಕ್ಕೆ ಬುದ್ಧಿಯೂ ತಪ್ಪಿತೆಂದು ಬಗೆಯುವುದು ಅಜ್ಞಾನ. ಮನೆಯವರು ಹಾಗೆ ನಡೆದುಕೊಳ್ಳುವುದು ಅನ್ಯಾಯ.

ಈ ಸವೆತವನ್ನು ತಡೆಯುವ ಔಷಧಿ ಇನ್ನೂ ದೊರೆತಿಲ್ಲ. ಆದರೆ ಔಷಧಿಯಿಲ್ಲವೆಂದರೆ ಉಪಚಾರವೇ ಇಲ್ಲವೆಂದರ್ಥವಲ್ಲ. ವಾಕ್ ಚಿಕಿತ್ಸಕರು ರೋಗಿಗೆ ನಿತ್ಯ ಬೇಕಾಗುವ ಪದಗಳನ್ನು ಆರಿಸಿಕೊಂಡು, ಮನೆಯ ವಸ್ತುಗಳ ಹಾಗೂ ಬಂಧುಗಳ ಚಿತ್ರಗಳನ್ನು ತೋರಿಸುತ್ತ ಅಭ್ಯಾಸ ಮಾಡಿಸುತ್ತಾರೆ. ಪದ ಸಿಗದಿದ್ದಾಗ ಆ ವಸ್ತುವಿನ ಉಪಯೋಗ, ಅದಿರುವ ಸ್ಥಳ, ಅದರ ಮೊದಲಕ್ಷರ ಇವುಗಳನ್ನು ಹಿಡಿದು ಪದದ ಬಳಿಗೆ ತಲುಪುವ ದಾರಿಯನ್ನು ಕಲಿಸುತ್ತಾರೆ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಮಾಯಾ ಹೆನ್ರಿ ಮತ್ತು ಅವರ ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನುಡಿ ತಡವರಿಸುವ ಹತ್ತು ಜನರಿಗೆ ಅವರವರ ಜೀವನಕ್ಕೆ ಬೇಕಾದ ಕಿರುಮಾತುಗಳನ್ನು ವಿಡಿಯೋದಲ್ಲಿನ ಬಾಯಿಯ ಚಲನೆಯನ್ನು ನೋಡಿ ಜೊತೆಜೊತೆಗೆ ಹೇಳುವಂತೆ ಅಭ್ಯಾಸ ಮಾಡಿಸಲಾಯಿತು. ಈ ಅಭ್ಯಾಸದ ಫಲ ಒಂದು ವರ್ಷದವರೆಗೂ ಕಂಡುಬಂದಿತು. ಕಲಿತ ಪದಗಳು ಉಳಿಯುತ್ತವೆ, ಕಲಿಯದವು ತಾವಾಗಿ ಬರುವುದು ವಿರಳ, ಅಭ್ಯಾಸ ಬಿಟ್ಟರೆ ಕಲಿತವೂ ಜಾರುತ್ತವೆ ಎಂಬುದು ಇಂತಹ ಪ್ರಯೋಗಗಳ ಸಾರ.

ಚಿಕಿತ್ಸೆಯ ಇನ್ನೊಂದು ಭಾಗ ಕೇಳುವವರಿಗೆ ಸೇರಿದ್ದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಆನಾ ವೋಕ್ಮರ್ ಮತ್ತು ಸಂಗಡಿಗರು ರೂಪಿಸಿದ ಕ್ರಮದಲ್ಲಿ ರೋಗಿ ಹಾಗೂ ಮನೆಯವರು ಒಟ್ಟಿಗೆ ಕುಳಿತು ತಮ್ಮದೇ ಸಂಭಾಷಣೆಯ ವಿಡಿಯೋವನ್ನು ನೋಡುತ್ತಾರೆ. ಮಾತು ಎಲ್ಲಿ ಮುರಿಯಿತು, ಎಲ್ಲಿ ಸಾಗಿತು ಎಂಬುದನ್ನು ಗುರುತಿಸಿ ತಮ್ಮ ರೀತಿಯನ್ನು ತಿದ್ದಿಕೊಳ್ಳುತ್ತಾರೆ. ಉತ್ತರಕ್ಕೆ ಕಾಯುವುದು, ಒಂದು ವೇಳೆಗೆ ಒಂದೇ ವಿಷಯ ಕೇಳುವುದು, ಸನ್ನೆ, ಚಿತ್ರ, ಬರಹಗಳನ್ನು ಮಾತಿನಷ್ಟೇ ಗೌರವದಿಂದ ಸ್ವೀಕರಿಸುವುದು ಮನೆಯವರು ಕಲಿಯಬೇಕಾದ ವಿದ್ಯೆ. ಭಾವಚಿತ್ರಗಳಿಂದ ಕೂಡಿದ ಜೀವನವೃತ್ತಾಂತದ ಪುಸ್ತಕ, ಬೇಕು ಬೇಡಗಳನ್ನು ತೋರಿಸುವ ಚಿತ್ರಫಲಕ ಇವು ಅಲ್ಪ ಖರ್ಚಿನಲ್ಲಿ ಮನೆಯಲ್ಲಿಯೇ ಸಿದ್ಧವಾಗುವ ಸಾಧನಗಳು.

ಹಲವು ಭಾಷೆಗಳ ಕುಟುಂಬಗಳಿಗೆ ಇಲ್ಲೊಂದು ವಿಶೇಷ ಸಂಗತಿಯಿದೆ. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಜನ ಮರೆವಿನ ರೋಗಿಗಳನ್ನು ಪರಿಶೀಲಿಸಿ, ಎರಡು ಭಾಷೆ ಬಲ್ಲವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತೆಂದು 2013ರಲ್ಲಿ ಪ್ರಕಟಿಸಿದರು. ಆದರೆ 2017ರ ಅವರ ಇನ್ನೊಂದು ಅಧ್ಯಯನದಂತೆ, ಮಾತು ಸವೆಯುವ ಈ ವ್ಯಾಧಿಯಲ್ಲಿ ಆ ಪ್ರಯೋಜನ ಕಂಡುಬರಲಿಲ್ಲ. ಬಹುಭಾಷೆ ಭೂಷಣವೇ ಹೊರತು ಇಲ್ಲಿ ಅದು ಕವಚವಲ್ಲ. ಆದರೂ ಉಪಚಾರಕ್ಕೆ ಅದು ದಾರಿಯಾಗಬಲ್ಲದು: ಕನ್ನಡದಲ್ಲಿ ಸಿಗದ ಪದ ಮರಾಠಿಯಲ್ಲಿ ಸಿಕ್ಕರೆ ಅದನ್ನೇ ಸಂತೋಷದಿಂದ ಸ್ವೀಕರಿಸಬೇಕು. ‘ಸರಿಯಾಗಿ ಕನ್ನಡದಲ್ಲಿ ಹೇಳಿರಿ ಅಜ್ಜಾ’ ಎಂದು ತಿದ್ದುವುದು ಚಿಕಿತ್ಸೆಯಲ್ಲ. ಚಿಕಿತ್ಸಕರ ಬಳಿ ಹೋದಾಗಲೂ ಹಿರಿಯರು ಯಾವ ಯಾವ ಭಾಷೆಯಲ್ಲಿ ಬಾಳಿದವರೆಂಬುದನ್ನು ಮೊದಲೇ ತಿಳಿಸಬೇಕು.

ಲೆಕ್ಕಾಚಾರದ ಮನಸ್ಸು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಇಂದು ಕಲಿಸಿದ ಪದ ಮುಂದೆ ಹೋಗಿಯೇ ಹೋಗುವುದಾದರೆ ಇದು ನಷ್ಟದ ವ್ಯಾಪಾರವಲ್ಲವೇ? ಈ ಲೆಕ್ಕದಲ್ಲಿ ಜಮೆಯ ಕಲಮು ಒಂದು ಬಿಟ್ಟುಹೋಗಿದೆ. ಮೊಮ್ಮಗಳನ್ನು ಹೆಸರು ಹಿಡಿದು ಕರೆಯುವ ಒಂದು ವರ್ಷ, ತನ್ನ ನೋವು ಎಲ್ಲಿದೆಯೆಂದು ತಾನೇ ಹೇಳಿಕೊಳ್ಳುವ ಆರು ತಿಂಗಳು ಆ ಜೀವಕ್ಕೆ ಅಲ್ಪವಲ್ಲ. ಶಾಶ್ವತವಾದುದಕ್ಕೆ ಮಾತ್ರ ಬೆಲೆಯೆಂದರೆ ಅನ್ನದಾನಕ್ಕೂ ಬೆಲೆಯಿರಲಾರದು. ಉಂಡ ಹಸಿವು ಮರುದಿನ ಮರಳಿ ಬರುತ್ತದೆ. ಆದರೆ ಶ್ರಮಕ್ಕೂ ಮಿತಿಯಿದೆ. ದಿನವೂ ಪರೀಕ್ಷೆಯಂತೆ ‘ಇದೇನು? ಅದೇನು?’ ಎಂದು ಕೇಳಿ ಹಿರಿಯರನ್ನು ನಾಲ್ವರ ಮುಂದೆ ಸೋಲಿಸುವುದು ಹಿಂಸೆಯ ಸೂಕ್ಷ್ಮ ರೂಪ. ಅವರಿಗೆ ಬೇಕಾದ ಪದ, ಅವರು ಒಪ್ಪಿದ ವೇಳೆ, ಅವರಿಗೆ ಸಾಕೆನಿಸಿದಾಗ ವಿಶ್ರಾಂತಿ ಎಂಬುದೇ ಯೋಗ್ಯ ಕ್ರಮ.

ಇನ್ನೊಂದು ಆಕ್ಷೇಪ ಭಕ್ತಿಯ ವೇಷದಲ್ಲಿ ಬರುತ್ತದೆ. ‘ವಯಸ್ಸಾಯಿತು, ಮೌನವೇ ಲೇಸು, ಅವರ ಪಾಡಿಗೆ ಬಿಡಿರಿ’ ಎನ್ನುವವರುಂಟು. ಮೌನವ್ರತ ಶ್ರೇಷ್ಠವಾದುದು ನಿಜ. ಆದರೆ ಅದು ನುಡಿಯಬಲ್ಲವನು ಬುದ್ಧಿಪೂರ್ವಕವಾಗಿ ಕೈಗೊಂಡ ಸಂಯಮ. ರೋಗವು ಹೇರಿದ ಮೌನ ವ್ರತವಲ್ಲ, ಅದು ಬಂಧನ. ಅದನ್ನು ವ್ರತವೆಂದು ಕರೆದು ಸುಮ್ಮನಾಗುವುದು ತನ್ನ ಆಲಸ್ಯಕ್ಕೆ ಧರ್ಮದ ಹೊದಿಕೆ ಹೊದಿಸಿದಂತೆ. ‘ತತ್ತ್ವಾರ್ಥ ಸೂತ್ರ’ವು ಮಾತನ್ನು ಶರೀರ, ಮನಸ್ಸು, ಉಸಿರುಗಳೊಡನೆ ಪುದ್ಗಲದ ಕಾರ್ಯವೆಂದು ಎಣಿಸುತ್ತದೆ, ಜೀವದ ಲಕ್ಷಣವನ್ನು ಉಪಯೋಗ, ಅಂದರೆ ಅರಿವಿನ ವ್ಯಾಪಾರ ಎಂದು ಹೇಳುತ್ತದೆ. ಮಾತು ಹೋದರೂ ಜೀವದ ಲಕ್ಷಣ ಹೋಗದೆಂಬುದು ಈ ತತ್ತ್ವದಿಂದ ಸಿದ್ಧ. ಹಾಗಾದರೆ ಹಿತವಾಗಿ, ಮಿತವಾಗಿ ನುಡಿಯಬೇಕೆಂಬ ಭಾಷಾ ಸಮಿತಿಯ ಆದರ್ಶ ಈ ಮನೆಗಳಲ್ಲಿ ರೋಗಿಗಿಂತ ಹೆಚ್ಚಾಗಿ ಸುತ್ತಲಿನವರಿಗೆ ಅನ್ವಯಿಸುತ್ತದೆ.

ಈ ವಿಚಾರ ಕೇವಲ ತತ್ತ್ವದ್ದಲ್ಲ. ಅಂಗಡಿಯ ಪಾಲು, ಹೊಲದ ವಿಭಾಗ, ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಇವುಗಳ ಪ್ರಸ್ತಾಪ ಬಂದಾಗ ಮಾತು ಬಾರದ ಹಿರಿಯರನ್ನು ಬದಿಗಿರಿಸಿ ಮಕ್ಕಳೇ ತೀರ್ಮಾನಿಸುವುದು ಸುಲಭ. ಭಾರತದ 2017ರ ಮಾನಸಿಕ ಆರೋಗ್ಯ ಸೇವಾ ಕಾಯ್ದೆಯು, ತನ್ನ ವ್ಯಾಪ್ತಿಯ ಚಿಕಿತ್ಸೆಯ ವಿಷಯದಲ್ಲಿ, ವ್ಯಕ್ತಿಯ ನಿರ್ಧಾರ ಮಾತಿನಿಂದಲೇ ಬರಬೇಕಿಲ್ಲ, ಮುಖಭಾವ, ಸನ್ನೆ ಅಥವಾ ಬೇರಾವ ಬಗೆಯಿಂದ ತಿಳಿಸಿದರೂ ಸಾಕೆಂದು ಮನ್ನಿಸುತ್ತದೆ. ಕಾನೂನು ಒಪ್ಪಿದಷ್ಟನ್ನು ಮಕ್ಕಳು ಒಪ್ಪದಿರುವುದು ಉಚಿತವೇ? ರೋಗದ ಆರಂಭದಲ್ಲಿಯೇ ಹಿರಿಯರ ಇಚ್ಛೆಗಳನ್ನು ಕೇಳಿ ಬರೆದಿಡುವುದು, ಬಳಿಕ ಹೌದು ಅಲ್ಲಗಳ ಮೂಲಕವಾದರೂ ಅವರ ಸಮ್ಮತಿಯನ್ನು ಅರಿಯುವುದು ಕುಟುಂಬದ ಕರ್ತವ್ಯ.

ಅಲ್ಪ ಲಕ್ಷಣ ಕಂಡಾಗಲೇ ‘ವಯಸ್ಸಿನ ಮರೆವು’ ಎಂದು ತಳ್ಳಿಹಾಕದೆ ನರರೋಗ ತಜ್ಞರಲ್ಲಿ ತೋರಿಸುವುದು ಒಳ್ಳೆಯದು. ಬೆಂಗಳೂರಿನ ನಿಮ್ಹಾನ್ಸ್, 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವು ಕನ್ನಡ ನುಡಿಯುವವರಿಗೆ ಸಮೀಪದ ಆಶ್ರಯಗಳು. ಆದರೆ ನಿತ್ಯದ ಚಿಕಿತ್ಸೆ ನಡೆಯುವುದು ಮನೆಯ ಪಡಸಾಲೆಯಲ್ಲಿ. ಮಕ್ಕಳ ತೊದಲು ನುಡಿಗಾಗಿ ತಂದೆತಾಯಿಗಳು ಎಷ್ಟು ತಾಳ್ಮೆಯಿಂದ ಕಾದಿದ್ದರೋ, ಅಷ್ಟೇ ತಾಳ್ಮೆಯಿಂದ ತಂದೆತಾಯಿಗಳ ತೊದಲು ನುಡಿಗಾಗಿ ಮಕ್ಕಳು ಕಾಯುವುದು ಋಣದ ಮರುಪಾವತಿಯೇ ಸರಿ. ಹೇಳುವವರ ಶಕ್ತಿ ಕುಂದಿದಷ್ಟೂ ಕೇಳುವವರ ಹೊಣೆ ಹೆಚ್ಚುತ್ತದೆ. ಆ ಹೊಣೆಯನ್ನು ಹೊರುವವರು ಇರುವವರೆಗೆ ಮಾತು ಮರೆಯಾದರೂ ಮನುಷ್ಯ ಮರೆಯಾಗಲಾರನು.