ಪ್ರಶಸ್ತಿಯೂ ಯೋಗ್ಯತೆಯೂ

ಯೋಗ್ಯನಾದವನಿಗೆ ಮನ್ನಣೆಯು ಸಲ್ಲಬೇಕೆಂಬುದು ಲೋಕಸಮ್ಮತವಾದ ನೀತಿಯು. ಆದರೆ ಯೋಗ್ಯನು ಯಾರೆಂಬುದನ್ನು ನಿರ್ಣಯಿಸುವವರು ಯಾರು? ಚಲಚ್ಚಿತ್ರಗಳ ಪ್ರಶಸ್ತಿಗಳು ಪ್ರಕಟವಾದಾಗಲೆಲ್ಲ ಈ ಪ್ರಶ್ನೆಯು ತಲೆಯೆತ್ತುವದು. ಜನರು ಒಬ್ಬನ ಹೆಸರನ್ನು ಎದುರುನೋಡುತ್ತಿರಲು ಮತ್ತೊಬ್ಬನ ಹೆಸರು ಹೊರಬೀಳುವದು. ಒಡನೆಯೇ ಅನ್ಯಾಯವಾಯಿತೆಂಬ ಕೂಗು ಏಳುವದು. ಅನಿರೀಕ್ಷಿತವಾದುದೆಲ್ಲವೂ ಅನ್ಯಾಯವೇ ಎಂಬುದನ್ನು ಇಲ್ಲಿ ತುಸು ವಿಚಾರಿಸೋಣ.

ಇದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. 1954ರ 'ಬೇಡರ ಕಣ್ಣಪ್ಪ'ದಿಂದ ನಾಯಕಪಾತ್ರವನ್ನು ವಹಿಸತೊಡಗಿದ ಡಾ. ರಾಜಕುಮಾರರು ಕನ್ನಡಿಗರ ಪಾಲಿಗೆ ನಟನೆಂಬ ಶಬ್ದದ ಅರ್ಥವೇ ಆಗಿದ್ದರು. ನಟರಿಗೆ ರಾಷ್ಟ್ರಪ್ರಶಸ್ತಿಯನ್ನು ಕೊಡುವ ಪದ್ಧತಿಯು 1967ರ ಚಿತ್ರಗಳಿಂದ ಮೊದಲಾಯಿತು. ಆದರೂ ಶ್ರೇಷ್ಠ ನಟನೆಂಬ ಆ ಪ್ರಶಸ್ತಿಯು ಅವರಿಗೆ ಕಡೆಯ ವರೆಗೂ ಬರಲಿಲ್ಲ. ಬಂದದ್ದು 1992ರ 'ಜೀವನ ಚೈತ್ರ'ದ ಹಾಡಿಗಾಗಿ, ಶ್ರೇಷ್ಠ ಹಿನ್ನೆಲೆಗಾಯಕನೆಂದು! ಯಾವಾತನಿಗೆ ಬಹುವರ್ಷ ತೆರೆಯ ಮೇಲೆ ಪಿ. ಬಿ. ಶ್ರೀನಿವಾಸರು ಕಂಠವಾಗಿದ್ದರೋ ಆತನಿಗೆ ಕಂಠಕ್ಕಾಗಿ ಮನ್ನಣೆ. 1995ನೆಯ ಸಾಲಿನ ದಾದಾಸಾಹೇಬ ಫಾಲ್ಕೆ ಪ್ರಶಸ್ತಿಯು ಅವರ ಇಡಿಯ ಜೀವನಕಾರ್ಯಕ್ಕೆ ಸಂದಿತೆಂಬುದು ದಿಟ. ಆದರೆ ಜನರ ಮನಸ್ಸಿನ ಮುಳ್ಳು ಅದರಿಂದ ಕಳಚಲಿಲ್ಲ.

ಈಗ 1975ನೆಯ ವರ್ಷವನ್ನು ನೋಡುವಾ. ರಾಜಕುಮಾರರ 'ಮಯೂರ'ವು ತೆರೆಗೆ ಬಂದುದು ಆ ವರ್ಷವೇ. ಶ್ರೇಷ್ಠ ನಟನೆಂಬ ರಾಷ್ಟ್ರಪ್ರಶಸ್ತಿಯೂ ಆ ವರ್ಷ ಕನ್ನಡಕ್ಕೇ ಬಂದಿತು; ಆದರೆ ಅದು ಕದಂಬರ ಅರಸನ ಪಾತ್ರಕ್ಕಲ್ಲ, 'ಚೋಮನ ದುಡಿ'ಯ ಚೋಮನಿಗೆ. ಶಿವರಾಮ ಕಾರಂತರ ಕಾದಂಬರಿಯನ್ನು ಬಿ. ವಿ. ಕಾರಂತರು ಚಿತ್ರವಾಗಿಸಿದಾಗ, ಸ್ವಂತ ತುಂಡು ನೆಲಕ್ಕಾಗಿ ಹಂಬಲಿಸುವ ಆ ಅಸ್ಪೃಶ್ಯ ಜೀತಗಾರನಾಗಿ ಎಂ. ವಿ. ವಾಸುದೇವರಾಯರು ನಟಿಸಿದ್ದರು. ಊರೂರಿನ ಗೋಡೆಗಳ ಮೇಲೆ ಅವರ ಚಿತ್ರಪಟವಿರಲಿಲ್ಲ. ಆದರೆ ಆ ದುಡಿಯ ದನಿಯನ್ನು ಕೇಳಿದವನು ಪ್ರಶಸ್ತಿಯು ಅಪಾತ್ರನಿಗೆ ಸಂದಿತೆಂದು ಹೇಳಲಾರನು. ಆಶ್ಚರ್ಯವಿತ್ತು, ಅನ್ಯಾಯವಿರಲಿಲ್ಲ. ಆಶ್ಚರ್ಯವು ಹುಟ್ಟುವದು ನಮ್ಮ ರೂಢಿಯಿಂದ. ಅನ್ಯಾಯವು ಹುಟ್ಟುವದು ತೀರ್ಪುಗಾರನ ಬಗೆಯಿಂದ. ಇವೆರಡನ್ನು ಬೆರಸುವದೇ ಈ ಕಲಹಗಳ ಮೂಲವು.

ಇಲ್ಲಿ ಪೂರ್ವಪಕ್ಷದವರು, "ಕೋಟಿ ಜನರು ಮೆಚ್ಚಿದುದನ್ನು ಹತ್ತೆಂಟು ಮಂದಿ ಪರೀಕ್ಷಕರು ಅಲ್ಲಗಳೆಯಬಹುದೇ?" ಎಂದು ಕೇಳುವರು. ಅವರು ಅಲ್ಲಗಳೆಯುವದಿಲ್ಲ, ಬೇರೊಂದು ಪ್ರಶ್ನೆಗೆ ಉತ್ತರ ಕೊಡುವರು. ನಮ್ಮ ಸೀಮೆಯ ಬಯಲಾಟದಲ್ಲಿ ಪಾತ್ರಧಾರಿಯನ್ನು ಮೆಚ್ಚಿದವರು ರಂಗಕ್ಕೇರಿ ಆಯೇರಿ ಮಾಡುವರಷ್ಟೆ. ಅದು ಪ್ರೀತಿಯ ಕಾಣಿಕೆ; ಅದಕ್ಕೆ ತಕ್ಕಡಿಯಿಲ್ಲ. ಪರೀಕ್ಷಕನಾದರೋ ಈ ವರ್ಷದ ಈ ಪಾತ್ರಗಳಲ್ಲಿ ಯಾವುದು ಮೇಲೆಂದು ತೂಗಬೇಕಾದವನು. ಪ್ರೀತಿಯು ತಕ್ಕಡಿಯ ಕೆಲಸವನ್ನು ಮಾಡಲಾರದು. ತಕ್ಕಡಿಯು ಪ್ರೀತಿಯ ಕೆಲಸವನ್ನು ಮಾಡಲಾರದು.

ಆದರೂ ಪೂರ್ವಪಕ್ಷದಲ್ಲಿ ಸತ್ಯಾಂಶವಿಲ್ಲದಿಲ್ಲ. ವರ್ಷವರ್ಷಕ್ಕೂ ಬಿಡಿಬಿಡಿಯಾಗಿ ತೂಗುವ ತಕ್ಕಡಿಗೆ ಒಂದು ಜೀವಮಾನದ ತೂಕವು ಸಿಕ್ಕದೆ ಜಾರಿಹೋಗಬಹುದು. ಮೇಲಾಗಿ, ಭಾಷೆಯರಿಯದ ಪರೀಕ್ಷಕನು ಕಣ್ಣಿಗೆ ಕಂಡ ಅಭಿನಯವನ್ನು ತೂಗಬಲ್ಲನಲ್ಲದೆ ನುಡಿಯ ಬೆಡಗನ್ನು ತೂಗಬಲ್ಲನೇ? ರಾಜಕುಮಾರರ ಕಲೆಯ ಅರ್ಧಪಾಲು ಅವರ ಸ್ಪಷ್ಟವಾದ ಕನ್ನಡದ ಉಚ್ಚಾರದಲ್ಲಿತ್ತು. ಅದು ಭಾಷಾಂತರದ ಸಾಲುಗಳಲ್ಲಿ ಇಳಿಯುವಂಥದಲ್ಲ.

ತೀರ್ಪುಗಳು ತಮ್ಮತಮ್ಮಲ್ಲಿಯೇ ವಿರೋಧಿಸುವದೂ ಉಂಟು. 1970ರ 'ಸಂಸ್ಕಾರ'ವನ್ನು ಮೊದಲು ಮದರಾಸಿನ ಸೆನ್ಸಾರ್ ಮಂಡಳಿಯು ತಡೆಹಿಡಿಯಿತು. ಬಳಿಕ ಅದೇ ಚಿತ್ರಕ್ಕೆ ಭಾರತದ ಶ್ರೇಷ್ಠ ಚಿತ್ರವೆಂಬ ಸ್ವರ್ಣಪದಕವು ದೊರೆಯಿತು. ಸರಕಾರದ ಒಂದು ಕೈ ಬಾಗಿಲಿಕ್ಕಿತು, ಇನ್ನೊಂದು ಕೈ ಆರತಿಯೆತ್ತಿತು. ಈ ನಡುವೆ ಚಿತ್ರವು ಬದಲಾಗಲಿಲ್ಲ, ನೋಡುವ ಕಣ್ಣು ಬದಲಾಯಿತು. ತಡೆಯು ಚಿತ್ರದ ಗುಣವನ್ನು ಕಳೆಯಲಿಲ್ಲವೆಂದ ಮೇಲೆ ಪದಕವು ಅದನ್ನು ಕೊಟ್ಟಿತೆನ್ನುವದೂ ಸಲ್ಲದು.

ಇನ್ನು ಗೆದ್ದವನ ಕಷ್ಟವನ್ನು ಯಾರೂ ನೆನೆಯುವದಿಲ್ಲ. ಅಮೇರಿಕೆಯ ಅಕಾಡೆಮಿಯವರು 1941ರ ಚಿತ್ರಗಳಲ್ಲಿ ಆರ್ಸನ್ ವೆಲ್ಸನ 'ಸಿಟಿಜನ್ ಕೇನ್' ಅನ್ನು ಬಿಟ್ಟು ಜಾನ್ ಫೋರ್ಡನ 'ಹೌ ಗ್ರೀನ್ ವಾಸ್ ಮೈ ವ್ಯಾಲಿ'ಯನ್ನು ಶ್ರೇಷ್ಠವೆಂದರು. ಗಣಿಗಾರರ ಸಂಸಾರವೊಂದರ ಆ ಹೃದ್ಯವಾದ ಕಥೆಯು ಅಂದಿನಿಂದ ಮತ್ತೊಂದರ ಪ್ರಶಸ್ತಿಯನ್ನು ಅಪಹರಿಸಿತೆಂಬ ಅಪವಾದವನ್ನು ಹೊತ್ತಿದೆ. ಅದನ್ನು ಹಳಿಯುವವರಲ್ಲಿ ಅದನ್ನು ನೋಡಿದವರೆಷ್ಟು ಮಂದಿ? ನೋಡದೆ ತೀರ್ಪು ಕೊಡುವ ಪರೀಕ್ಷಕನು ಅನ್ಯಾಯಿಯಾದರೆ, ನೋಡದೆ ಹಳಿಯುವ ಪ್ರೇಕ್ಷಕನು ನ್ಯಾಯವಂತನಾಗುವದು ಹೇಗೆ? ರಾಜಕುಮಾರರ ಮೇಲಣ ಅಭಿಮಾನವು ವಾಸುದೇವರಾಯರ ಮೇಲಣ ಅಸೂಯೆಯಾದಲ್ಲಿ ಅದು ಅಭಿಮಾನವೇ ಅಲ್ಲ.

ನಮ್ಮ ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ಕಟ್ಟಿಸಿದ ಗುಡಿಯಿದೆ. 1112ರ ಶಾಸನವು ಅದನ್ನು ದೇವಾಲಯ ಚಕ್ರವರ್ತಿಯೆಂದು ಕರೆದಿದೆ. ಕಟ್ಟಿಸಿದವನನ್ನು ಹೊಗಳುವ ಶಾಸನವೇ ಕಟ್ಟಡಕ್ಕೂ ಬಿರುದನ್ನು ಕೊಟ್ಟುದರಿಂದ, ತೀರ್ಪುಗಾರನು ನಿಷ್ಪಕ್ಷಪಾತಿಯೆಂದು ಹೇಳುವಂತಿಲ್ಲ. ಆದರೂ ಒಂಬೈನೂರು ವರ್ಷಗಳ ಮೇಲೆ ಆ ಕಂಬಗಳ ಮುಂದೆ ನಿಂತವನಿಗೆ ಬಿರುದು ಹೆಚ್ಚಾಯಿತೆನಿಸದು. ಬಿರುದು ಕಲ್ಲನ್ನು ಉಳಿಸಲಿಲ್ಲ. ಕಲ್ಲೇ ಬಿರುದನ್ನು ಉಳಿಸಿತು.

ಆದುದರಿಂದ ವಾಚಕ ಮಹಾಶಯರೇ, ಪರೀಕ್ಷಕನ ಧರ್ಮವು ನಿರ್ಮಲವಾಗಿ ನೋಡುವದು. ಪ್ರೇಕ್ಷಕನ ಧರ್ಮವು ಗೆದ್ದುದನ್ನೂ ಸೋತುದನ್ನೂ ನೋಡಿ ಆಮೇಲೆ ಮಾತಾಡುವದು. ಕಲಾವಿದನ ಧರ್ಮವು ಕೆಲಸವನ್ನು ಕಲ್ಲಿನಂತೆ ಕಟ್ಟುವದು. ಇಷ್ಟಾದರೆ ಪ್ರಶಸ್ತಿಯು ಯಾರ ಪಾಲಿಗೆ ಬಂದರೂ ಯೋಗ್ಯತೆಗೆ ಕುಂದಿಲ್ಲ.