ಕತ್ತರಿ ಹೇಳುವ ಸುಳ್ಳು

ಒಂದೇ ಒಂದು ಸುಳ್ಳನ್ನೂ ಸೇರಿಸದೆ, ಇದ್ದ ನಿಜದಲ್ಲೇ ಒಂಚೂರು ಕತ್ತರಿಸಿ ತೆಗೆದು ಮೋಸ ಮಾಡಬಹುದಾ? ಮಾಡಬಹುದು ಅಂತ ನನಗೆ ಕಲಿಸಿದ್ದು ಅಮೆರಿಕದ ನೂರು ವರ್ಷ ಹಳೆಯ ಸ್ಟ್ಯಾಂಪುಗಳು. ವಾರಾಂತ್ಯದಲ್ಲಿ ಲ್ಯಾಪ್‌ಟಾಪ್ ಮುಚ್ಚಿಟ್ಟು, ಲೆನ್ಸ್ ಹಿಡಿದು ಇವನ್ನು ನೋಡ್ತಾ ಕೂರೋದು ನನಗೊಂದು ಹುಚ್ಚು. ಮನೆಯವರ ಪ್ರಕಾರ ಕೆಲಸ ಇಲ್ಲದವರ ಕೆಲಸ. ಇರಲಿ ಬಿಡಿ.

ಸಾಮಾನ್ಯ ಸ್ಟ್ಯಾಂಪು ಹಾಳೆಯಲ್ಲಿ ಬರುತ್ತೆ. ಸುತ್ತಲೂ ತೂತಿನ ಸಾಲು, ಹರಿದಾಗ ನಾಲ್ಕೂ ಕಡೆ ಹಲ್ಲು ಹಲ್ಲಾದ ಅಂಚು. 1908ರಲ್ಲಿ ಅಮೆರಿಕದ ಅಂಚೆ ಇಲಾಖೆ ಇನ್ನೊಂದು ಬಗೆ ತಂದಿತು, ಕಾಯಿಲ್ ಸ್ಟ್ಯಾಂಪ್. ಕಾಸು ಹಾಕಿದರೆ ಸ್ಟ್ಯಾಂಪು ಉದುರಿಸುವ ಯಂತ್ರಗಳಿಗೆ, ಲಕೋಟೆಗೆ ಸ್ಟ್ಯಾಂಪು ಅಂಟಿಸುವ ಯಂತ್ರಗಳಿಗೆ ಉದ್ದನೆಯ ಸುರುಳಿ ಬೇಕಿತ್ತು. ಸುರುಳಿಯಲ್ಲಿ ಒಂದು ಸ್ಟ್ಯಾಂಪಿಗೂ ಇನ್ನೊಂದಕ್ಕೂ ನಡುವೆ ಮಾತ್ರ ತೂತು ಇದ್ದರೆ ಸಾಕು. ಹಾಗಾಗಿ ಕಾಯಿಲ್ ಸ್ಟ್ಯಾಂಪಿಗೆ ಎರಡು ಬದಿ ಹಲ್ಲು, ಇನ್ನೆರಡು ಬದಿ ನೇರ.

ಇವುಗಳಲ್ಲೊಂದು ಬಲು ಹೆಸರಾದದ್ದು, 'ಆರೆಂಜ್‌ಬರ್ಗ್ ಕಾಯಿಲ್'. 1911ರದ್ದು, ನೇರಳೆ ಬಣ್ಣ, ಜಾರ್ಜ್ ವಾಷಿಂಗ್ಟನ್ ತಲೆ, ಬೆಲೆ ಮೂರು ಸೆಂಟ್. ನ್ಯೂಯಾರ್ಕ್ ರಾಜ್ಯದ ಆರೆಂಜ್‌ಬರ್ಗ್‌ನಲ್ಲಿದ್ದ ಬೆಲ್ ಫಾರ್ಮಸ್ಯುಟಿಕಲ್ ಕಂಪನಿ ಡಾಕ್ಟರುಗಳಿಗೆ ಔಷಧಿ ಸ್ಯಾಂಪಲ್ ಕಳಿಸೋದಕ್ಕೆ ಇದನ್ನು ಬಳಸಿತು. ಸ್ಯಾಂಪಲ್ ಬಂದ ಲಕೋಟೆಯನ್ನು ಯಾರು ಜೋಪಾನ ಮಾಡ್ತಾರೆ? ಉಳಿದದ್ದು ತೀರಾ ಕಡಿಮೆ. ಇವತ್ತು ಅಸಲಿ ಆರೆಂಜ್‌ಬರ್ಗ್ ಕಾಯಿಲ್ ಒಂದಕ್ಕೆ ಸಾವಿರಾರು ಡಾಲರ್.

ಆದರೆ ಅದೇ ಕಾಲದಲ್ಲಿ ಅದೇ ಚಿತ್ರ, ಅದೇ ಬಣ್ಣ, ಅದೇ ವಾಟರ್‌ಮಾರ್ಕಿನ ಕಾಗದದಲ್ಲಿ ಹಾಳೆಯ ಸ್ಟ್ಯಾಂಪೂ ಬಂದಿತ್ತು. ನಾಲ್ಕೂ ಕಡೆ ಹಲ್ಲಿರುವ ಅದು ಪುಡಿಗಾಸಿಗೆ ಸಿಗುತ್ತೆ. ಮೇಲೂ ಕೆಳಗೂ ಅಂಚು ಸ್ವಲ್ಪ ಅಗಲವಿರುವ ಒಂದನ್ನು ಹುಡುಕಿ, ಆ ಎರಡು ಬದಿಯ ಹಲ್ಲನ್ನು ನೀಟಾಗಿ ಕತ್ತರಿಸಿದರೆ ಆಯ್ತು, 'ಆರೆಂಜ್‌ಬರ್ಗ್ ಕಾಯಿಲ್' ರೆಡಿ. ಆ ಚೂರು ಕಾಗದದಲ್ಲಿ ಯಾವುದು ಸುಳ್ಳು ಹೇಳಿ ನೋಡೋಣ. ಶಾಯಿ ಅಸಲಿ, ಕಾಗದ ಅಸಲಿ, ಉಳಿದ ಎರಡು ಬದಿಯ ತೂತೂ ಅಸಲಿ. ಎಲ್ಲವನ್ನೂ ಸರ್ಕಾರವೇ ಮಾಡಿದ್ದು. ಮೋಸಗಾರ ಸೇರಿಸಿದ್ದು ಏನೂ ಇಲ್ಲ. ಆದರೂ ಒಟ್ಟು ವಸ್ತು ಶುದ್ಧ ಸುಳ್ಳು.

ನಮಗಿದು ಹೊಸದಲ್ಲ. ಧರ್ಮರಾಯ ಅಶ್ವತ್ಥಾಮ ಸತ್ತ ಅಂತ ಜೋರಾಗಿ ಹೇಳಿ, ಆನೆ ಅನ್ನೋದನ್ನು ಮೆಲ್ಲಗೆ ನುಂಗಿದ. ಹೇಳಿದ ಮಾತೆಲ್ಲ ನಿಜವೇ. ಆದರೂ ನೆಲ ಮುಟ್ಟದೆ ಓಡುತ್ತಿದ್ದ ಅವನ ರಥ ನೆಲಕ್ಕಿಳಿಯಿತು.

ಹಾಗಾದ್ರೆ ಕತ್ತರಿಸೋದೇ ತಪ್ಪಾ? ಅಷ್ಟು ಸುಲಭ ಇಲ್ಲ. ಅಸಲಿ ಕಾಯಿಲ್‌ನ ನೇರ ಅಂಚೂ ಕತ್ತರಿಸಿದ್ದೇ! ಆ ಶುರುವಿನ ವರ್ಷಗಳಲ್ಲಿ ಸ್ಟ್ಯಾಂಪನ್ನು ಹಾಳೆಯಲ್ಲೇ ಅಚ್ಚುಹಾಕಿ, ಒಂದು ದಿಕ್ಕಿಗೆ ಮಾತ್ರ ತೂತು ಹೊಡೆದು, ಹಾಳೆಗೆ ಹಾಳೆ ಅಂಟಿಸಿ, ಪಟ್ಟಿಯಾಗಿ ಕೊಯ್ದು ಸುರುಳಿ ಸುತ್ತುತ್ತಿದ್ದರು. ಇದರ ಉಲ್ಟಾ ಮೋಸವೂ ಉಂಟು. ಹಾಳೆಯ ಕೊನೆಯ ಸಾಲಿನ ಕೆಲವು ಸ್ಟ್ಯಾಂಪುಗಳಿಗೆ ಹುಟ್ಟಿನಿಂದಲೇ ಒಂದು ಬದಿ ನೇರ. ನಾಲ್ಕೂ ಕಡೆ ಹಲ್ಲಿರೋದಕ್ಕೆ ಬೆಲೆ ಹೆಚ್ಚು ಅಂತ ಅದಕ್ಕೆ ಆಮೇಲೆ ಹೊಸದಾಗಿ ತೂತು ಹೊಡೆದು ಮಾರಿದವರಿದ್ದಾರೆ. ಅಂದರೆ ಹಲ್ಲು ಇರೋದಾಗಲಿ, ಇಲ್ಲದಿರೋದಾಗಲಿ ಪಾಪವಲ್ಲ. ನೋಡುವವನು ಏನು ನಂಬಬೇಕು ಅಂತ ಮೊದಲೇ ಲೆಕ್ಕ ಹಾಕಿ, ಅವನು ಹೆಚ್ಚು ಕೊಡಲಿ ಅಂತಲೇ ಕತ್ತರಿ ಹಿಡಿಯೋದು ಪಾಪ.

ಕತ್ತರಿಗೆ ಸಿಗದ ಸಾಕ್ಷಿಯೂ ಕೆಲವು ಸಲ ಇರುತ್ತೆ. 1914ರಿಂದ ಕಾಯಿಲ್‌ಗಳನ್ನು ರೋಟರಿ ಪ್ರೆಸ್ಸಿನಲ್ಲಿ ಅಚ್ಚು ಹಾಕತೊಡಗಿದರು. ಉರುಳೆಗೆ ಕೂರಿಸಲು ಲೋಹದ ಅಚ್ಚುಫಲಕವನ್ನು ಬಗ್ಗಿಸಿದಾಗ ಅದರ ಜೊತೆ ಚಿತ್ರವೂ ಕೂದಲೆಳೆಯಷ್ಟು ಹಿಗ್ಗುತ್ತೆ. ಚಪ್ಪಟೆ ಫಲಕದಲ್ಲಿ ಹದಿನೆಂಟೂವರೆಯಿಂದ ಹತ್ತೊಂಬತ್ತು ಮಿಲಿಮೀಟರ್ ಇದ್ದ ವಾಷಿಂಗ್ಟನ್ ಚೌಕಟ್ಟಿನ ಅಗಲ, ಅಡ್ಡಕ್ಕೆ ಸುತ್ತಿದ ರೋಟರಿ ಕಾಯಿಲ್‌ನಲ್ಲಿ ಹತ್ತೊಂಬತ್ತೂವರೆಯಿಂದ ಇಪ್ಪತ್ತು. ಅಂಚನ್ನು ಎಷ್ಟು ಬೇಕಾದರೂ ಕತ್ತರಿಸಿ, ಚಿತ್ರದ ಅಗಲ ಬದಲಾಗಲ್ಲ. ಆರೆಂಜ್‌ಬರ್ಗ್ ವಿಷಯದಲ್ಲಿ ಈ ಅನುಕೂಲವೂ ಇಲ್ಲ, ಎರಡೂ ಚಪ್ಪಟೆ ಫಲಕದವೇ. ಅದಕ್ಕೇ ತಜ್ಞರ ಸರ್ಟಿಫಿಕೇಟ್ ಇಲ್ಲದ ಆರೆಂಜ್‌ಬರ್ಗನ್ನು ತಿಳಿದವರು ಮುಟ್ಟಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಈಚೆಗೆ ಆಫೀಸಿನಲ್ಲಿ ಇಂಥದ್ದೇ ಒಂದು ಅಂಚು ಕೈಗೆ ಬಂತು. ನಾವು ಆರಿಸಿದ್ದ ಹುಡುಗನೊಬ್ಬ ರೆಸ್ಯೂಮೆಯಲ್ಲಿ ಹಳೇ ಕೆಲಸಗಳ ತಿಂಗಳು ಬರೆಯದೆ ಬರೀ ವರ್ಷ ಬರೆದಿದ್ದ. ಒಂದು ಕೆಲಸ 2021ಕ್ಕೆ ಮುಗಿದಿದೆ, ಮುಂದಿನದು 2021ಕ್ಕೆ ಶುರುವಾಗಿದೆ. ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ನಡುವೆ ಎಂಟು ತಿಂಗಳ ಖಾಲಿ ಜಾಗ ಸಿಕ್ಕಿತು. ಎಚ್‌ಆರ್‌ನವರು ಆಫರ್ ವಾಪಸ್ ತಗೊಳ್ಳೋಣ ಅಂದರು. ನನ್ನ ಸಹೋದ್ಯೋಗಿ, "ಅವನು ಬರೆದಿರೋದ್ರಲ್ಲಿ ಸುಳ್ಳು ಎಲ್ಲಿದೆ ತೋರಿಸಿ" ಅಂತ ವಾದಕ್ಕೆ ನಿಂತಳು. ನನ್ನ ಅಭಿಪ್ರಾಯ ಕೇಳಿದರು.

ಅವನನ್ನೇ ಕೇಳೋಣ ಅಂದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ. ಲೇಆಫ್ ಆಗಿತ್ತಂತೆ. ಮೊದಮೊದಲು ತಿಂಗಳುಗಳನ್ನು ಹಾಗೇ ಬರೀತಿದ್ದನಂತೆ, ಒಂದು ಕಡೆಯಿಂದಲೂ ಕರೆ ಬರಲಿಲ್ಲ. ತಿಂಗಳು ತೆಗೆದ ಮೇಲೆ ಬಂತು. "ಸರ್, ನೀವು ಕೇಳಿದ್ದರೆ ಹೇಳ್ತಿದ್ದೆ" ಅಂದ.

ಮೇಲೆ ನಾನೇ ಹಾಕಿದ ಅಳತೆಗೋಲಿನ ಪ್ರಕಾರ ಅವನು ಮಾಡಿದ್ದೂ ಕತ್ತರಿ ಕೆಲಸವೇ. ನಾವು ಏನು ನಂಬಬೇಕು ಅಂತ ಲೆಕ್ಕ ಹಾಕಿಯೇ ಆ ತಿಂಗಳುಗಳನ್ನು ತೆಗೆದ. ಅದು ಪ್ರಾಮಾಣಿಕತೆ ಅಂತ ನಾನು ಹೇಳಲಾರೆ. ಆದರೆ ಇನ್ನೊಂದು ಮಾತೂ ಇದೆ. ಅಂಚೆ ಕಚೇರಿಯ ಕೌಂಟರಿನಲ್ಲಿ ಆ ಎರಡೂ ನೇರಳೆ ಸ್ಟ್ಯಾಂಪಿನ ಬೆಲೆ ಒಂದೇ, ಮೂರು ಸೆಂಟ್. ಎರಡೂ ಕಾಗದವನ್ನು ಅಷ್ಟೇ ದೂರ ಮುಟ್ಟಿಸ್ತಾವೆ. ನೇರ ಅಂಚಿಗೆ ಸಾವಿರ ಪಟ್ಟು ಬೆಲೆ ಕಟ್ಟಿದ್ದು ಸಂಗ್ರಾಹಕರು. ಅವರಿಗೆ ಕಾರಣವಿದೆ, ಅವರಿಗೆ ಬೇಕಾಗಿರೋದು ಆ ಸ್ಟ್ಯಾಂಪಿನ ಚರಿತ್ರೆಯೇ. ನಮಗೆ ಬೇಕಾಗಿದ್ದು ಕೆಲಸ ಬಲ್ಲವನು. ಎಂಟು ತಿಂಗಳು ಮನೆಯಲ್ಲಿ ಕೂತದ್ದಕ್ಕೆ ಅವನು ಬರೆಯೋ ಕೋಡ್ ಕೆಡಲ್ಲ. ಖಂಡವಿಲ್ಲದ ರೆಸ್ಯೂಮೆಯೇ ಒಳ್ಳೇ ರೆಸ್ಯೂಮೆ ಅಂತ ಬೆಲೆ ಕಟ್ಟಿ ಕೂತಿರೋರು ನಾವೇ ಅಲ್ವಾ?

ಅವನನ್ನು ತಗೊಳ್ಳೋಣ ಅಂತ ಬರೆದೆ. ಆ ಎಂಟು ತಿಂಗಳನ್ನು ಫೈಲಿಗೆ ಸೇರಿಸಿ ಅಂತಲೂ, ಮುಂದೆ ಬರುವ ರೆಸ್ಯೂಮೆಗಳಲ್ಲಿ ಖಾಲಿ ಜಾಗ ಕಂಡರೆ ಬದಿಗೆ ಸರಿಸದೆ ಮೊದಲು ಫೋನ್ ಮಾಡಿ ಅಂತಲೂ ಬರೆದೆ. ಮೊದಲನೆಯದನ್ನು ಒಪ್ಪಿದ್ದಾರೆ. ಕೊನೆಯದಕ್ಕೆ ಇನ್ನೂ ಉತ್ತರ ಬಂದಿಲ್ಲ.